ಸ್ಕಾಟ್ಲೆಂಡಿನ ಸೊಸೆಯರು

ಕಾಫಿ ಅಂಗಡಿಯಲ್ಲಿ ನನ್ನ ಹೆಸರು ಸ್ಯಾಮ್. ಶ್ಯಾಮಸುಂದರ ಎಂಬ ಪಂಚಾಕ್ಷರಿಯನ್ನು ಕಾಗದದ ಲೋಟದ ಮೇಲೆ ಬರೆಸಿ ಮುಗಿಸುವಷ್ಟರಲ್ಲಿ ಹಾಲಿನ ನೊರೆಯೂ ಸಾಲಿನಲ್ಲಿ ನಿಂತವರ ಸಹನೆಯೂ ಒಟ್ಟಿಗೇ ಇಳಿದುಹೋಗುವುದನ್ನು ಕಂಡು, ಅಮೆರಿಕದ ಈ ಪ್ಲೆಸೆಂಟನ್ನಿಗೆ ಬಂದ ಹೊಸದರಲ್ಲೇ ಲೋಕಕಲ್ಯಾಣಾರ್ಥವಾಗಿ ಅದಕ್ಕೆ ಕತ್ತರಿ ಹಾಕಿಕೊಂಡೆ. ಈ ಊರಿನಲ್ಲಿದ್ದಿದ್ದರೆ ನೀವೂ ಹಾಗೊಂದು ಲೋಟದ ಹೆಸರು ಇಟ್ಟುಕೊಂಡಿರುತ್ತಿದ್ದಿರಿ, ಸುಮ್ಮನೆ ನಗಬೇಡಿ.

ಆ ಅಂಗಡಿಯ ಕಿಟಕಿ ಪಕ್ಕದ ಮೇಜು ಶನಿವಾರ ಬೆಳಿಗ್ಗೆ ಇಯನ್ ಎಂಬವರ ಸ್ವತ್ತು. ನಿವೃತ್ತ ಗಣಿತದ ಮೇಷ್ಟ್ರು, ನಮ್ಮ ಬೀದಿಯವರೇ. ಅವರ ಪೂರ್ವಿಕರು ಸ್ಕಾಟ್ಲೆಂಡಿನಲ್ಲಿ ಜಮೀನ್ದಾರರು; ಬಹಳ ದೊಡ್ಡವರೇನಲ್ಲ, ಒಕ್ಕಲಿಗಿಂತ ಕುರಿ ಹೆಚ್ಚಿದ್ದ ಮನೆತನ ಎಂದು ಅವರೇ ನಗುತ್ತಾರೆ. ಆ ಮನೆತನದ ವಂಶಾವಳಿಯನ್ನು ಚಾಪೆಯಂತೆ ಸುತ್ತಿ ಬಗಲಲ್ಲಿಟ್ಟುಕೊಂಡು ಬಂದು, ನಾಲ್ಕು ಮೂಲೆಗೆ ನಾಲ್ಕು ಲೋಟ ಹೇರಿ ಹರಡಿದರೆಂದರೆ, ನನ್ನ ಶನಿವಾರ ಮುಗಿದ ಹಾಗೇ.

ಬೇಸರದಿಂದ ಹೇಳುತ್ತಿಲ್ಲ, ಬೆರಗಿನಿಂದ ಹೇಳುತ್ತಿದ್ದೇನೆ. ಅಲ್ಲಿ ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು ಎಂಬ ರೂಢಿಯಿದ್ದುದರಿಂದ, ತಲೆಮಾರು ಕಳೆದಂತೆ ಒಂದೇ ಹೆಸರಿನ ಹತ್ತಾರು ಜನ ಸಾಲುಗಟ್ಟಿ ನಿಲ್ಲುತ್ತಾರೆ. ಇಯನ್ ಅವರಲ್ಲಿ ಒಬ್ಬನನ್ನೂ ಇನ್ನೊಬ್ಬನೊಂದಿಗೆ ಬೆರೆಸುವುದಿಲ್ಲ. ಇವನು ಕುದುರೆಯಿಂದ ಬಿದ್ದವನು, ಇವನು ತಮ್ಮನ ಮೇಲೆ ದಾವೆ ಹೂಡಿದವನು ಎಂದು, ನೆರೆಮನೆಯವರ ಸುದ್ದಿ ಹೇಳುವ ಸಲುಗೆಯಲ್ಲಿ ಹೇಳುತ್ತಾರೆ. ಆದರೆ ನಾನು ನಿಜಕ್ಕೂ ಮನಸೋತದ್ದು ಆ ಮನೆಯ ಸೊಸೆಯರಿಗೆ. ಮದುವೆಯಾಗಿ ಬಂದರೂ ದಸ್ತಾವೇಜಿನಲ್ಲಿ, ಕೊನೆಗೆ ಸಮಾಧಿಯ ಕಲ್ಲಿನ ಮೇಲೆ ಕೂಡ, ಅವರು ತವರಿನ ಹೆಸರಿನಲ್ಲೇ ಉಳಿಯುತ್ತಿದ್ದರಂತೆ. ಗಂಡುಮಕ್ಕಳಿಲ್ಲದ ಕಡೆ ಮಗಳೇ ಆಸ್ತಿಗೆ ಒಡತಿಯಾಗಿ, ಆಕೆಯ ಕೈಹಿಡಿದ ಅಳಿಯ ಮಹಾಶಯನೇ ತನ್ನ ಮನೆತನದ ಹೆಸರನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬಂದದ್ದೂ ಉಂಟು. ಎಲಾ ಇವರ!

ಮೆಚ್ಚುಗೆಯ ಜೊತೆಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತೆನ್ನಿ. ಧಾರವಾಡದ ನಮ್ಮ ಕಾಕಾ, ಅಂದರೆ ತಂದೆಯ ತಮ್ಮ, ಬರೆದಿಟ್ಟ ವಂಶವೃಕ್ಷವೊಂದು ನನ್ನಲ್ಲಿತ್ತು. ಒಂಬತ್ತು ತಲೆಮಾರು, ಲ್ಯಾಮಿನೇಟು ಬೇರೆ. ಒಂದು ಶನಿವಾರ ಅದನ್ನೊಯ್ದು ಸ್ಕಾಟ್ಲೆಂಡಿನ ಮೇಲೆಯೇ ಹಾಸಿದೆ. ಇಯನ್ ಭೂತಗನ್ನಡಿ ಹಿಡಿದು, ತಮಗೆ ಬಾರದ ಲಿಪಿಯನ್ನು ದೇವರ ಪಟ ನೋಡುವಂತೆ ನೋಡಿದರು. ನಾನು ಬೆರಳಿಟ್ಟು ಒಂಬತ್ತು ಗಂಡಸರನ್ನೂ ಓದಿ ಹೇಳಿದೆ.

"ಅದ್ಭುತ! ತಾಯಂದಿರೆಲ್ಲಿ?" ಎಂದರು.

ಕಾಕಾ ತಾಯಂದಿರನ್ನು ಬರೆದಿರಲಿಲ್ಲ. ನನ್ನ ಅವ್ವನ ಹೆಸರನ್ನಾದರೂ ಹೇಳೋಣವೆಂದು ಸುಶೀಲಾ ಎಂದವನು ಅಲ್ಲಿಗೆ ಬಾಯಿ ಮುಚ್ಚಬಾರದೇ? ನಮ್ಮಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ವರನು ಉಂಗುರದಿಂದ ವಧುವಿಗೆ ಹೊಸ ಹೆಸರು ಬರೆಯುವ ಸೊಗಸಾದ ಸಂಪ್ರದಾಯವನ್ನೂ ಬಣ್ಣಿಸಿದೆ. "ಹಾಗಾದರೆ ಮೊದಲಿನ ಹೆಸರು?" ಎಂದರು ಇಯನ್. ಅರವತ್ತೆರಡು ವರ್ಷದ ನನಗೆ ಅದು ಗೊತ್ತಿರಲಿಲ್ಲ. ತಾಯಿಯ ಕಡೆಯ ಅಜ್ಜ, ಅಜ್ಜಿಯನ್ನು ನಾನು ಕಂಡಿಲ್ಲ. ತೀರಿಕೊಂಡ ಸೋದರಮಾವ ಬಾಯಿತುಂಬ 'ಅಕ್ಕಾ' ಎನ್ನುತ್ತಿದ್ದ. ಕೇಳಬೇಕೆಂದು ನನಗಂತೂ ಹೊಳೆದೇ ಇರಲಿಲ್ಲ. ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಇಯನ್ ನಗಲಿಲ್ಲ. ತಮ್ಮ ಹಾಳೆಯಲ್ಲಿದ್ದ ಒಂದು ಖಾಲಿ ಚೌಕ ತೋರಿಸಿದರು. ಅಷ್ಟು ಸೊಸೆಯರ ನಡುವೆ ಒಬ್ಬಾಕೆಯ ಹೆಸರು ಮಾತ್ರ ಸಿಕ್ಕಿಲ್ಲ. ಚರ್ಚಿನ ಪುಸ್ತಕದ ಆ ಪುಟ ನೀರು ಬಿದ್ದು ಅಳಿಸಿಹೋಗಿದೆ. ಹನ್ನೊಂದು ವರ್ಷದಿಂದ ಹುಡುಕುತ್ತಿದ್ದಾರೆ. "ನಿಮ್ಮ ತಾಯಿ ಮನೆಯಲ್ಲೇ ಇದ್ದಾರಲ್ಲ ಸ್ಯಾಮ್, ಹೋಗಿ ಕೇಳಿ" ಎಂದರು.

ಕೇಳುವುದಕ್ಕೆ ಕಾಲ ಮಿಂಚುತ್ತಿತ್ತು. ಎಂಬತ್ತಾರರ ಅವ್ವ ಇರುವುದು ನಮ್ಮೊಂದಿಗೇ, ಆದರೆ ಈಚೆಗೆ ಮರೆವು. ನನ್ನನ್ನೇ ಒಮ್ಮೊಮ್ಮೆ ತನ್ನ ತಮ್ಮನೆಂದು ಕರೆಯುತ್ತಾಳೆ. ಮನೆಗೆ ಬಂದವನೇ ಕೇಳಿದೆ.

"ಈಗ ಯಾಕ ಬೇಕೋ ನಿನಗ ಅದು? ಅಕ್ಕಿ ಮ್ಯಾಲ ಹೊಸಾದು ಬರದ್ರು, ಹಳೇದು ಅವತ್ತ ಮುಗೀತು. ಆ ಅಕ್ಕೀಲೆ ಪಾಯಸಾ ಮಾಡಿದ್ರು ನೋಡು, ಭಾಳ ಛಲೋ ಆಗಿತ್ತು."

"ಏನಿತ್ತವ್ವಾ? ನೆನಪು ಮಾಡ್ಕೋ."

"ಏನೋ ಇತ್ತಪಾ" ಎಂದಳು.

ಪಾಯಸದ ರುಚಿ ಉಳಿದು ಹೆಸರು ಹೋಗಿತ್ತು. ನನಗೆ ಅಳು ಬಂತು. ಆ ವಾರವಿಡೀ ಇಯನ್ ಅವರ ಖಾಲಿ ಚೌಕವೇ ಕಣ್ಣೆದುರು.

ಮುಂದಿನ ಶನಿವಾರ ಅವ್ವನನ್ನೂ ಕರೆದುಕೊಂಡು ಹೋದೆ, ಇಯನ್ ನೋಡಬೇಕೆಂದಿದ್ದರು. ಕೌಂಟರಿನ ಹುಡುಗಿ ನನ್ನ ಲೋಟಕ್ಕೆ ಎಂದಿನಂತೆ ಸ್ಯಾಮ್ ಎಂದು ಬರೆದು, ಇನ್ನೊಂದು ಲೋಟ ಎತ್ತಿಕೊಂಡು, ಅವ್ವನತ್ತ ಬಾಗಿ "ನೇಮ್?" ಎಂದಳು. ಡಾಕ್ಟರರ ಬಳಿ, ವೀಸಾ ಕಚೇರಿಯಲ್ಲಿ, ಎಲ್ಲೆಲ್ಲೂ ಅವಳ ಪರವಾಗಿ ನಾನೇ ಉತ್ತರಿಸಿ ರೂಢಿ. ಈಗಲೂ ಬಾಯಿ ತೆರೆದೆ. ಅವ್ವ ನನ್ನ ತೋಳು ಹಿಡಿದು ತಡೆದಳು. ಪೆನ್ನು ಹಿಡಿದು ತನ್ನನ್ನೇ ನೋಡುತ್ತ ಕಾಯುತ್ತಿದ್ದ ಆ ಹುಡುಗಿಗೆ ಬಿಡಿಸಿ ಬಿಡಿಸಿ ಹೇಳಿದಳು: "ಚಂಪಕಮಾಲಾ."

ಅವಳದೂ ಪಂಚಾಕ್ಷರಿಯೇ. ಹುಡುಗಿ ಎರಡು ಸಲ ಕೇಳಿಕೊಂಡು, ಲೋಟ ತಿರುಗಿಸಿ ತಿರುಗಿಸಿ ಪೂರ್ತಿ ಬರೆದಳು. ನೊರೆ ಇಳಿಯಲಿಲ್ಲ, ಹಿಂದೆ ನಿಂತವರು ಗೊಣಗಲೂ ಇಲ್ಲ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಆ ಹೆಸರನ್ನು ಕೂಗಿದರು, ಎಡವುತ್ತ ಎಡವುತ್ತ, ಆದರೆ ಕೊನೆಯ ಅಕ್ಷರದವರೆಗೂ. ಅವ್ವ ಕುರ್ಚಿಯಿಂದ ತಟ್ಟನೆ ಎದ್ದು, ಬಲಗೈಯನ್ನು ನೇರ ಮೇಲೆತ್ತಿ, "ಹಾಜರ್, ಸರ್!" ಎಂದಳು. ಇಯನ್ ಕೂಡ ಎದ್ದು ನಿಂತರು. ಆಮೇಲೆ ಯಾರೋ ಸ್ಯಾಮ್ ಎಂಬವನನ್ನೂ ಎರಡು ಮೂರು ಸಲ ಕರೆದರಂತೆ. ನನಗದು ಕೇಳಿಸಲೇ ಇಲ್ಲ.