ಅಪ್ಪನ ಗಾಡಿಯ ಸಪ್ಪಳ

ಅಪ್ಪನ ಹಳೆಯ ಕಾರು ಕಾಂದಿವಲಿಯ ನಮ್ಮ ಬಿಲ್ಡಿಂಗ್‌ನ ಕಾಂಪೌಂಡಿಗೆ ಬಂತೆಂದರೆ ಮೂರನೇ ಮಹಡಿಯಲ್ಲಿ ಟಿ.ವಿ. ಹಾಕಿಕೊಂಡು ಕೂತವರಿಗೂ ಗೊತ್ತಾಗುತ್ತಿತ್ತು. ಮೊದಲು ಗೊರಗೊರ, ಆಮೇಲೆ ಎರಡು ಕೆಮ್ಮು, ಚಾವಿ ತಿರುಗಿಸಿ ಬಂದ್ ಮಾಡಿದ ಮೇಲೂ ಒಂದು ಕೊನೆಯ ನಡುಕ. ಆ ಸದ್ದಿಗೆ ನಾನು ಕಾಲೇಜಿನ ದಿನಗಳಲ್ಲಿ ನಾಚಿಕೊಂಡು ಸತ್ತಿದ್ದೇನೆ. ಗೆಳತಿಯರ ಎದುರು ಅದು ನಮ್ಮ ಗಾಡಿಯೇ ಅಲ್ಲ ಎಂಬಂತೆ ಮುಖ ತಿರುಗಿಸಿಕೊಂಡು ನಿಲ್ಲುತ್ತಿದ್ದೆ.

ಅವ್ವನ ಊಟ ಮಾತ್ರ ಆ ಸದ್ದಿನ ಮೇಲೆಯೇ ನಿಂತಿತ್ತು. ವಿಜಾಪುರದ ಕಡೆಯ ಹಳ್ಳಿಯಿಂದ ಬಂದವಳು. ಗಂಡ ಮನೆಗೆ ಬರುವ ಮೊದಲು ರಾತ್ರಿಯ ಊಟಕ್ಕೆ ಕೂತವಳಲ್ಲ. ಅಪ್ಪನೋ, ಕಾರ್ಖಾನೆಯಿಂದ ಬಂದವನು ನೆಟ್ಟಗೆ ಮೇಲೆ ಹತ್ತಿದವನಲ್ಲ. ವಾಚ್‌ಮನ್‌ನ ಜೊತೆ ಒಂದಿಷ್ಟು ಹರಟೆ, ಇಸ್ತ್ರಿಯವನ ಜೊತೆ ಒಂದಿಷ್ಟು. ಮೇಲೆ ಅವ್ವನ ಹೊಟ್ಟೆ ತಾಳ ಹಾಕುತ್ತಿತ್ತು. ಇದಕ್ಕಾಗಿ ಇಬ್ಬರೂ ಜಗಳಾಡಿ ಜಗಳಾಡಿ, ಕಡೆಗೆ ಅಪ್ಪನೇ ಒಂದು ದಾರಿ ಕಂಡುಹಿಡಿದಿದ್ದ. “ಗಾಡಿ ಸಪ್ಪಳ ಕೇಳಿದ ಕೂಡ್ಲೆ ನೀ ಉಣ್ಣಾಕ ಕೂಡು. ನಾ ಬಂದಂಗನ ಲೆಕ್ಕ.” ಅಂದಿನಿಂದ ಗಾಡಿ ಕೆಮ್ಮಿದರೆ ಅವ್ವ “ಬಂದ್ರು” ಎಂದು ತಟ್ಟೆ ಹಾಕಿಕೊಳ್ಳುತ್ತಿದ್ದಳು. ಅಪ್ಪ ಮೇಲೆ ಬರುವಷ್ಟರಲ್ಲಿ ಅವಳ ಊಟ ಮುಗಿದು, ಅವನಿಗೆ ಬಿಸಿ ರೊಟ್ಟಿ ಬಡಿಯಲು ಎದ್ದಿರುತ್ತಿದ್ದಳು.

ಅಪ್ಪ ತೀರಿಕೊಂಡಾಗ ಅವ್ವನ ನೆನಪು ಆಗಲೇ ಸಡಿಲವಾಗತೊಡಗಿತ್ತು. ಅವನು ಇನ್ನಿಲ್ಲ ಎಂದು ಹೇಳಿದಾಗಲೆಲ್ಲ ಆಗಷ್ಟೇ ಕೇಳಿದವಳಂತೆ ಎದೆ ಬಡಿದುಕೊಂಡು ಅಳುತ್ತಿದ್ದಳು, ಮರುದಿನ ಮರೆಯುತ್ತಿದ್ದಳು. ಒಬ್ಬ ಹೆಂಗಸನ್ನು ಎಷ್ಟು ಸಲ ವಿಧವೆ ಮಾಡುವುದು? ನಾನೂ ತಮ್ಮನೂ ಹೇಳುವುದನ್ನೇ ಬಿಟ್ಟೆವು. ಆದರೆ ಸಂಜೆಯಾದರೆ ಅವಳ ಬಾಯಲ್ಲಿ ಒಂದೇ ಮಾತು: “ಅವ್ರು ಬರ್ಲಿ, ಆಮ್ಯಾಲ ಉಣ್ತೀನಿ.” ಊಟವಿಲ್ಲದೆ ಸಕ್ಕರೆ ಕಾಯಿಲೆಯ ಮಾತ್ರೆ ಕೊಡುವ ಹಾಗಿಲ್ಲ, ಮಾತ್ರೆ ತಪ್ಪಿಸುವ ಹಾಗೂ ಇಲ್ಲ. ಬಳೆಗಳು ಮೊಣಕೈ ತನಕ ಜಾರತೊಡಗಿದವು. ಹೀಗೇ ಬಿಟ್ಟರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟರು.

ಆಗ ತಮ್ಮ ಒಂದು ಸಂಜೆ, ಬ್ಯಾಟರಿ ಸತ್ತೀತೆಂದು ಅಪ್ಪನ ಗಾಡಿ ಚಾಲೂ ಮಾಡಿದ. ಗೊರಗೊರ, ಎರಡು ಕೆಮ್ಮು. ಅವ್ವ ಎದ್ದಳು. “ಬಂದ್ರು” ಎಂದಳು. ಒಂದು ಪೂರ್ತಿ ರೊಟ್ಟಿ, ಪುಂಡಿಪಲ್ಯ, ಮೇಲೆ ಮೊಸರು. ನಾನು ಬಾಗಿಲ ಹಿಂದೆ ನಿಂತು ಅತ್ತೆ. ಊಟ ಮುಗಿಯುವಷ್ಟರಲ್ಲಿ ಯಾರು ಬಂದರು, ಯಾಕೆ ಮೇಲೆ ಬರಲಿಲ್ಲ ಎಂಬುದು ಅವಳಿಗೆ ಮರೆತೇಹೋಗಿತ್ತು. ಅಲ್ಲಿಂದ ಅದೇ ನಮ್ಮ ಸಂಧ್ಯಾವಂದನೆಯಾಯಿತು. ಮಲಾಡ್‌ನ ಆಫೀಸಿನಿಂದ ನಾನು ಬಂದು ಅಡಿಗೆ ಬಿಸಿ ಮಾಡುವುದು, ತಮ್ಮ ಕೆಳಗೆ ಹೋಗಿ ಗಾಡಿ ಕೆಮ್ಮಿಸುವುದು.

ಮೇ ತಿಂಗಳ ಸೆಕೆಯಲ್ಲಿ ರೇಡಿಯೇಟರ್ ಎಲ್ಲೋ ಸೋರಿ, ನೀರಿಲ್ಲದೆ ಕಾದು, ಇಂಜಿನ್ ಬ್ಲಾಕ್ ಸೀಳಿಹೋಯಿತು. ಆ ಮಾದರಿಯ ಕಾರು ಮಾಡುವುದನ್ನು ಕಂಪನಿ ಎಂದೋ ಬಿಟ್ಟಿತ್ತು. ಗುಜರಿ ಅಂಗಡಿಗಳಲ್ಲೂ ಅಂಥ ಇಂಜಿನ್ ಸಿಗಲಿಲ್ಲ. ಖಂಡೇ ನವಮಿಯ ಆಯುಧಪೂಜೆಯ ದಿನ ತೆಗೆದ ಒಂದು ವಿಡಿಯೊದಲ್ಲಿ ಗಾಡಿಯ ಸದ್ದು ತುಸು ಕೇಳುತ್ತಿತ್ತು. ಫೋನಿನಲ್ಲಿ ಹಾಕಿ ಅಡಗಿಸಿಟ್ಟೆ. ಅವ್ವ ಹುಡುಕಿ ತೆಗೆದು, “ಇದನ್ನ ಬಂದ್ ಮಾಡ್, ಅವ್ರ ಗಾಡಿ ಬಂದ್ರ ಕೇಳಂಗಿಲ್ಲ” ಎಂದು ನನ್ನ ಕೈಗೇ ಕೊಟ್ಟಳು.

ಬೇರೆ ಕಾರಿನ ಇಂಜಿನ್ ಕೂರಿಸುತ್ತೇನೆ ಎಂದ ತಮ್ಮ. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇಥ್ ನಡೆಸುವವನು. ಕಬ್ಬಿಣ ಕಂಡರೆ ಅವನಿಗೆ ಎಲ್ಲಿಲ್ಲದ ಧೈರ್ಯ. ಕುರ್ಲಾದ ಗುಜರಿಗೆ ನಾನೂ ಹೋಗಿದ್ದೆ. ನಮ್ಮ ಬಾನೆಟ್ಟಿನಡಿ ಹಿಡಿಸುವಂಥದ್ದು ಇದ್ದದ್ದೇ ಒಂದು. ಅಂಗಡಿಯವನು “ಪಿಕಪ್ ಮಸ್ತ್ ಮಿಲೇಗಾ” ಎಂದ. ತಮ್ಮನಿಗೆ ಬೇಕಾದದ್ದು ಸದ್ದು. “ಆವಾಜ್ ಕೈಸಾ ಹೈ?” ಎಂದು ಕೇಳಿದ. “ಏಕ್‌ದಮ್ ಸೈಲೆಂಟ್, ಸೇಠ್!” ತಮ್ಮನ ಮುಖ ಸಪ್ಪಗಾಯಿತು. ಒಳ್ಳೆಯ ಮಾಲು ತೋರಿಸಿದ್ದಕ್ಕೆ ಗಿರಾಕಿ ಯಾಕೆ ಹೀಗೆ ಹೆಣದ ಮುಂದೆ ನಿಂತಂತೆ ನಿಂತಿದ್ದಾನೆಂದು ಪಾಪ ಅವನಿಗೆ ಹೊಳೆಯಲಿಲ್ಲ.

ಮದುವೆ ಮಂಟಪ ಕಟ್ಟುವವರಿಂದ ಕಬ್ಬಿಣದ ಪೈಪುಗಳನ್ನು ಕೇಳಿ ತಂದು, ಮುಕ್ಕಾಲಿಯಂತೆ ನಿಲ್ಲಿಸಿ, ಚೈನ್ ಪುಲ್ಲಿ ಕಟ್ಟಿ ಸತ್ತ ಇಂಜಿನ್ ಮೇಲೆತ್ತಿದೆವು. ಸೊಸೈಟಿಯ ಸೆಕ್ರೆಟರಿ ಓಡಿಬಂದು “ಯೇ ಸೋಸಾಯಟಿ ಹೈ, ಗ್ಯಾರೇಜ್ ನಹೀ” ಎಂದು ಕೂಗಾಡಿದ. ನಾನು ಎರಡರಷ್ಟು ಕೂಗಿದೆ. ಅವನು ಹಿಂದೆ ಸರಿದ, ನನ್ನ ಬಾಯಿಗೆ ಹೆದರಿಯೋ ಮೇಲೆ ಕಿಟಕಿಯಲ್ಲಿ ಕೂತ ಅವ್ವನನ್ನು ನೋಡಿಯೋ ತಿಳಿಯದು.

ಹೊಸ ಇಂಜಿನ್ ಹಳೆಯ ಗೇರ್‌ಬಾಕ್ಸಿಗೆ ಹೊಂದಲಿಲ್ಲ. ನಡುವೆ ಕೂರಿಸಲು ತಮ್ಮ ಒಂದು ದಪ್ಪ ಪ್ಲೇಟ್ ತಾನೇ ಕೊರೆದ, ಅದು ತಪ್ಪಿತು, ಮತ್ತೊಂದು ಕೊರೆದ. ಇಂಜಿನ್ ಕೂರುವ ಹಿಡಿಕೆಗಳನ್ನು ಕತ್ತರಿಸಿ ಬೇರೆ ಕಡೆ ಬೆಸೆದ. ಗಾಡಿ ಹೇಗೂ ರಸ್ತೆಗೆ ಇಳಿಯುವುದಿಲ್ಲ ಎಂದು ಆರ್‌ಟಿಓ ಕಾಗದದ ಗೋಜಿಗೇ ಹೋಗಲಿಲ್ಲ. ಹಳೆಯ ಸೈಲೆನ್ಸರನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದ. ಸದ್ದು ಇರುವುದೆಲ್ಲ ಅದರಲ್ಲಿಯೇ ಎಂಬುದು ಅವನ ವಾದ. ಸಾಲದೆಂದು ಅದಕ್ಕೊಂದು ತೂತು ಬೇರೆ ಮಾಡಿದ. “ಇಂಜಿನ್‌ಗೆ ಕೆಮ್ಮಾಕ ಕಲಸ್ತೀಯೇನೋ ಹುಚ್ಚಾ?” ಎಂದೆ. ಅವನು ನಗಲಿಲ್ಲ. “ಕಲಸ್ತೀನಿ ಅಕ್ಕಾ. ಇನ್ನೇನ್ ಮಾಡ್ಲಿ ಹೇಳು?” ಎಂದ. ಅವನ ಕೆನ್ನೆಯ ಮೇಲೆಲ್ಲ ಗ್ರೀಸು ಬಡಿದಿತ್ತು.

ಆ ದಿನಗಳಲ್ಲಿ ಅವ್ವ ಉಂಡದ್ದು ನಾನು ಬೇಡಿಕೊಂಡು ಬಾಯಿಗಿಟ್ಟ ಹಾಲನ್ನ, ಅದೂ ಎರಡು ತುತ್ತು. ಮೂರನೆಯದಕ್ಕೆ ಕೈ ತಳ್ಳಿ, ನನ್ನನ್ನು ಬೇರೆ ಯಾರೋ ಎಂಬಂತೆ ನೋಡುತ್ತಿದ್ದಳು. ಕೆಲವು ದಿನ ನಮ್ಮ ಗುರುತು ಸಿಗುತ್ತಿತ್ತು, ಕೆಲವು ದಿನ ಇಲ್ಲ.

ಮಳೆ ಹಿಡಿಯುವ ಮೊದಲೇ ಕೆಲಸ ಮುಗಿಯಿತು. ಸಂಜೆ ನಾನು ಮೇಲೆ ಅವ್ವನ ಪಕ್ಕ ನಿಂತೆ, ತಟ್ಟೆ ಹಾಕಿ ರೊಟ್ಟಿ ಮುರಿದಿಟ್ಟೆ. ಕೆಳಗೆ ತಮ್ಮ ಚಾವಿ ತಿರುಗಿಸಿದ. ಒಂದೇ ಏಟಿಗೆ ಇಂಜಿನ್ ಹತ್ತಿಕೊಂಡಿತು. ಬಿಲ್ಡಿಂಗ್‌ನವರು ಚಪ್ಪಾಳೆ ತಟ್ಟಿದರು. ತೂತು ಬಿದ್ದ ಸೈಲೆನ್ಸರಿನಿಂದ ದೊಡ್ಡದೊಂದು ಭರ್ರನೆಯ ಸದ್ದು ಎದ್ದಿತು. ಗದ್ದಲವಿತ್ತು, ಕೆಮ್ಮಿರಲಿಲ್ಲ. ಅವ್ವ ತಲೆ ವಾಲಿಸಿ ಕೇಳಿದಳು. ನಾನು ಕಾಣದ ದೇವರುಗಳನ್ನೆಲ್ಲ ಕರೆದೆ. ಅವಳ ಕೈ ರೊಟ್ಟಿಯ ಕಡೆಗೆ ಹೋಗಲಿಲ್ಲ.

ಕೆಳಗಿನಿಂದ ತಮ್ಮ ಕೂಗಿದ: “ಅಕ್ಕಾ, ಉಣ್ಣಾಕತ್ತಾಳೇನು?”

ಅವ್ವ ತಾನೇ ಎದ್ದು ಗ್ಯಾಲರಿಗೆ ಬಂದಳು. ಕೆಳಗೆ ಅಪ್ಪನ ಜಾಗದಲ್ಲಿ ಅಪ್ಪನ ಕಾರೇ ನಿಂತಿತ್ತು, ಅದೇ ಬೂದು ಬಣ್ಣ, ಅದೇ ತಗ್ಗು ಬಿದ್ದ ಬಾಗಿಲು. ಬಹಳ ಹೊತ್ತು ನೋಡಿದಳು. ಆಮೇಲೆ ನನಗೆ ಹೇಳಿದಳು: “ಆ ಹುಡುಗಗ ಗಾಡಿ ತಗೀ ಅಂತ ಹೇಳು. ನಮ್ಮವ್ರು ಬಂದ್ರ ಗಾಡಿ ಹಚ್ಚಾಕ ಜಾಗಾ ಬೇಕಲ್ಲ.”

ಅವಳ ತುತ್ತನ್ನು ಒಂದು ಸಪ್ಪಳಕ್ಕೆ ಕಟ್ಟಿಹೋದ ಅಪ್ಪನ ಮೇಲೆ ಆ ಹೊತ್ತು ನನಗೆ ಬಂದಷ್ಟು ಸಿಟ್ಟು ಅವನು ಬದುಕಿದ್ದಾಗ ಎಂದೂ ಬಂದಿರಲಿಲ್ಲ. ಅವಳು ಹೇಳಿದ್ದನ್ನು ಹಾಗೇ ಕೆಳಗೆ ಕೂಗಿ ಹೇಳಿದೆ. ತಮ್ಮ ಗಾಡಿಯನ್ನು ಹಿಂದಕ್ಕೆ ತೆಗೆದು, ಗೇಟಿನ ಹೊರಗೆ ಗೋಡೆಯ ಪಕ್ಕ ನಿಲ್ಲಿಸಿ, ಮೇಲೆ ಬಂದು ಕೈ ತೊಳೆದುಕೊಂಡ.

“ಜಾಗಾ ಖಾಲಿ ಆತೇನಪಾ?” ಎಂದು ಅವ್ವ ಅವನನ್ನು ಕೇಳಿದಳು.

“ಆತು” ಎಂದ ತಮ್ಮ.

ಅವ್ವ ತನ್ನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಕಿಟಕಿಯ ಹತ್ತಿರ ಹೋಗಿ ಕುಳಿತಳು.