ಮನೆ ಸಮೇತ ಹೊರಟಿದ್ದೇವೆ

ಬೆಳಿಗ್ಗೆ ಹತ್ತು ಗಂಟೆಯಿಂದ ಚೆನ್ನೈಯಲ್ಲಿ ನಮ್ಮ ಟಿ. ನಗರದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಒಂದು ಮನೆ ಸಿಕ್ಕಿಹಾಕಿಕೊಂಡಿದೆ. ನೀವು ತಪ್ಪಾಗಿ ಓದಲಿಲ್ಲ, ಮನೆಯೇ. ಎರಡನೆಯ ಮಹಡಿಯ ಹುಡುಗ ತನ್ನ ಆನೆಗಾತ್ರದ ಎಸ್‌ಯುವಿಯ ಬೆನ್ನಿಗೆ ಹಾಸಿಗೆ, ಒಲೆ, ಕಕ್ಕಸು ಎಲ್ಲವೂ ಇರುವ ಬಿಳಿಯ ಟ್ರೈಲರೊಂದನ್ನು ಕಟ್ಟಿಕೊಂಡು ಬಂದಿದ್ದಾನೆ. ಹಿಂದಕ್ಕೆ ತೆಗೆಯುವಾಗ ಅವನು ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರೆ ಟ್ರೈಲರು ಬಲಕ್ಕೆ ಹೋಗುತ್ತದೆ, ಬಲಕ್ಕೆ ತಿರುಗಿಸಿದರೆ ಎಡಕ್ಕೆ. ವಾಚ್‌ಮನ್, ಇಸ್ತ್ರಿಯವನು, ಹೂವಿನವಳು ಎಲ್ಲರೂ ಒಟ್ಟಿಗೆ "ಒಡಿ, ಒಡಿ" ಎಂದು ಕೂಗುತ್ತಿದ್ದಾರೆ. ತಮಿಳಿನಲ್ಲಿ ತಿರುಗಿಸು ಎಂದು ಅದರ ಅರ್ಥ. ಯಾವ ಕಡೆಗೆ ಎಂದು ಮಾತ್ರ ಯಾರೂ ಹೇಳುತ್ತಿಲ್ಲ. ನಾನು ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡಿದು, ಎಂಬತ್ತು ದಾಟಿದವನಿಗೆ ಶೋಭಿಸದಷ್ಟು ಸಂತೋಷದಿಂದ ನೋಡುತ್ತಿದ್ದೇನೆ. ಏಕೆಂದರೆ ಈ ವಿದ್ಯೆಯಲ್ಲಿ ಅನುಭವ ಇರುವವನು ಇಡೀ ಬೀದಿಗೆ ನಾನೊಬ್ಬನೇ.

ಇದು ಐವತ್ತರ ದಶಕದ ಕೊನೆಯ ಮಾತು. ಆಗ ನಾನು ಮದರಾಸಿನಲ್ಲಿ ಇಂಜಿನಿಯರಿಂಗ್ ಎರಡನೆಯ ವರ್ಷ ಓದುತ್ತಿದ್ದೆ. ಎರಡನೆಯ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಗಿಂತ ಹೆಚ್ಚು ತಿಳಿದವನು ಲೋಕದಲ್ಲಿ ಯಾರೂ ಇಲ್ಲ, ಅದು ನಿಮಗೂ ಗೊತ್ತಿರಬಹುದು. ವಾಸ ತ್ರಿಪ್ಲಿಕೇನಿನಲ್ಲಿ, ದೊಡ್ಡಪ್ಪನ ಮನೆಯಲ್ಲಿ. ಉಡುಪಿ ಕಡೆಯಿಂದ ಹದಿನಾರರ ವಯಸ್ಸಿಗೆ ಬಂದು, ಲೋಟ ತೊಳೆದು, ಕೊನೆಗೆ ಸ್ವಂತ ಹೋಟೆಲು ಹಾಕಿದವರು ಅವರು. ಅವರ ಸಾಂಬಾರಿಗಾಗಿ ಜನ ಮೈಲಾಪುರದಿಂದ ನಡೆದು ಬರುತ್ತಿದ್ದರು. ಆ ಸಾಂಬಾರನ್ನು ಒಂದು ಹನಿಯೂ ರುಚಿ ನೋಡದ ಒಂದೇ ಜೀವ ಎಂದರೆ ದೊಡ್ಡಮ್ಮ.

ದೊಡ್ಡಮ್ಮನ ಮಡಿ ಅಂಥದು. ಹತ್ತು ಜನ ಕೂತೆದ್ದ ಜಾಗದಲ್ಲಿ ಕೂತು ಅವಳು ಬಾಯಿಗೆ ನೀರನ್ನೂ ಹಾಕುವವಳಲ್ಲ. ಸ್ನಾನ ಮಾಡಿ, ತನ್ನ ಒಲೆಯಲ್ಲಿ, ತನ್ನ ಕೈಯಿಂದ ಬೇಯಿಸಿದ್ದು ಮಾತ್ರ ಅವಳಿಗೆ ಊಟ. ಇದನ್ನೆಲ್ಲ ಕಲಿಸಿದವರು ಊರಿನಲ್ಲಿದ್ದ ಅವಳ ಅಕ್ಕ, ಭವಾನಿಯಕ್ಕ. ತಾಯಿಯಿಲ್ಲದ ತಂಗಿಯನ್ನು ಸಾಕಿದವರು, ಬೆರಳು ನೆಕ್ಕಿದರೆ ಸೌಟಿನಿಂದ ಕೈಗೆ ಕುಟ್ಟಿದವರು. ದೊಡ್ಡಪ್ಪ ಎಷ್ಟು ಹೇಳಿದರೂ ದೊಡ್ಡಮ್ಮನದು ಒಂದೇ ಉತ್ತರ: "ನಾಳೆ ಅಕ್ಕನಿಗೆ ಗೊತ್ತಾದ್ರೆ ಮುಖ ಹೇಗೆ ತೋರ್ಸೂದು?"

ವಿಚಿತ್ರ ನೋಡಿ, ಆ ಮಡಿಯಿಂದಾಗಿ ಅಕ್ಕನಿಗೆ ಮುಖ ತೋರಿಸುವುದೇ ನಿಂತುಹೋಗಿತ್ತು. ಹಿಂದೊಮ್ಮೆ ಮಂಗಳೂರಿನ ರೈಲಿನಲ್ಲಿ ನೀರೂ ಮುಟ್ಟದೆ ಕೂತ ದೊಡ್ಡಮ್ಮ ಶೋರನೂರಿನಲ್ಲಿ ತಲೆ ತಿರುಗಿ ಬಿದ್ದಿದ್ದಳು. ಹೆದರಿದ ದೊಡ್ಡಪ್ಪ ಅಂದೇ ಆಣೆ ಹಾಕಿದರು. "ಉಪವಾಸದಲ್ಲಿ ನಿನ್ನನ್ನು ಇನ್ನು ರೈಲು ಹತ್ತಿಸುವವ ನಾನಲ್ಲ. ತಿಂತೀಯಾದ್ರೆ ಹೇಳು, ನಾಳೆಯೇ ಟಿಕೆಟು." ಅವಳು ತಿನ್ನಲಿಲ್ಲ, ಅವರು ಟಿಕೆಟು ಮಾಡಿಸಲಿಲ್ಲ. ಹಾಗೆ ಹನ್ನೊಂದು ವರ್ಷ ಕಳೆಯಿತು. ಊರಿನಿಂದ ಕಾಗದ ಬಂದ ದಿನ ದೊಡ್ಡಮ್ಮ ರುಬ್ಬುವ ಕಲ್ಲಿನ ಮುಂದೆ ಕೂತು ಅಳುತ್ತಿದ್ದಳು. ಕಲ್ಲಿನ ಸದ್ದಿಗೆ ಯಾರಿಗೂ ಕೇಳಿಸುವುದಿಲ್ಲ ಎಂದು ಅವಳ ಲೆಕ್ಕ. ನಮಗೆಲ್ಲ ಕೇಳಿಸುತ್ತಿತ್ತು.

ಅಂಥ ಹೊತ್ತಿನಲ್ಲಿ ಪಲ್ಲಾವರಂನಲ್ಲಿ ಚರ್ಮ ಹದಮಾಡುವ ಕಾರ್ಖಾನೆಯ ಇಂಗ್ಲಿಷ್ ಮ್ಯಾನೇಜರೊಬ್ಬ ಸಾಮಾನೆಲ್ಲ ಮಾರಿ ತನ್ನ ದೇಶಕ್ಕೆ ಹೊರಟ. ಹೋಟೆಲಿಗೆ ನಾಲ್ಕು ಕುರ್ಚಿ ಸಿಕ್ಕೀತೆಂದು ಹೋದ ದೊಡ್ಡಪ್ಪ ಮನೆಯನ್ನೇ ಕೊಂಡು ತಂದರು. ಎರಡು ಚಕ್ರದ ಮೇಲೆ ನಿಂತ ಹಸಿರು ಬಣ್ಣದ ಮನೆ: ಕಿಟಕಿ, ಪರದೆ, ಅಡುಗೆಗೆ ಕಟ್ಟೆ. ಎಳೆಯಲು ನಮ್ಮಲ್ಲಿ ವಾಹನವಿತ್ತು. ಮಿಲಿಟರಿ ಹರಾಜಿನಲ್ಲಿ ಕೊಂಡ ಭಾರೀ ಸ್ಟೇಷನ್ ವ್ಯಾಗನ್ನು, ದಿನಾ ಕೊತ್ತವಾಲ್ ಚಾವಡಿಯಿಂದ ತರಕಾರಿ ಹೊತ್ತು ತಂದು, ಒಳಗೆಲ್ಲ ಕೊತ್ತಂಬರಿ ಸೊಪ್ಪಿನ ವಾಸನೆ. ಅಂದು ಪಲ್ಲಾವರಂನಲ್ಲಿ ಶುಕ್ರವಾರದ ಸಂತೆ. ಆ ಜನಸಂದಣಿಯಿಂದ ಹೊರಬೀಳುವಷ್ಟರಲ್ಲಿ ಇಬ್ಬರು ಅಜ್ಜಿಯರು ಬಸ್ಸೆಂದು ತಿಳಿದು ಬದನೆಕಾಯಿ ಬುಟ್ಟಿ ಸಮೇತ ಹತ್ತಿ ಕೂತಿದ್ದರು. ಡ್ರೈವರ್ ಮುನುಸಾಮಿ ಅವರನ್ನು ಸೈದಾಪೇಟೆಯಲ್ಲಿ ಇಳಿಸಿ ಬಂದ.

"ನಿನ್ನ ಅಡುಗೆಮನೆ ನಿನ್ನ ಜೊತೆ ಬರ್ತದೆ ಮಾರಾಯ್ತಿ," ಎಂದರು ದೊಡ್ಡಪ್ಪ. "ಇನ್ನು ಮಡಿ ಅಡ್ಡ ಬರೂದು ಹೇಗೆ, ನೋಡ್ತೇನೆ."

ದೊಡ್ಡಮ್ಮ ಸುತ್ತ ಬಂದು, ಮೂಗು ಮುಚ್ಚಿ, ಒಳಗೆ ಇಣುಕಿದಳು. "ಆ ದೊರೆ ಇದ್ರಲ್ಲಿ ಎಂತೆಂತ ಬೇಯ್ಸಿದ್ದನೋ." ಹಾಗಾಗಿ ಏಳು ದಿನ ತೊಳೆಯುವ ಕೆಲಸ. ಹುಣಸೆಹುಳಿ, ಬೂದಿ, ಸೆಗಣಿ, ಕೊನೆಗೆ ಗಂಗೆಯ ತೀರ್ಥ. ದೊರೆಯ ಒಲೆ ಬೀದಿಗೆ ಹೋಯಿತು, ಹೊಸ ಇದ್ದಲು ಒಲೆ ಬಂತು. ಆಗ ಎದ್ದದ್ದು ನಿಜವಾದ ಸಮಸ್ಯೆ. ಒಲೆ ಆಗ್ನೇಯ ಮೂಲೆಯಲ್ಲಿರಬೇಕು. ಸರಿ, ಆದರೆ ಈ ಮನೆ ಮೌಂಟ್ ರೋಡಿನಲ್ಲಿ ಒಮ್ಮೆ ತಿರುಗಿದರೆ ಆಗ್ನೇಯ ಹೋಗಿ ವಾಯವ್ಯವಾಗುತ್ತದೆ. ನಮ್ಮ ಪುರೋಹಿತರಾದ ಭಟ್ಟರು ಎರಡು ದಿನ ಯೋಚಿಸಿ ತೀರ್ಪು ಕೊಟ್ಟರು: "ಓಡುವಾಗ ಅದು ವಾಹನ, ನಿಂತಾಗ ಮನೆ. ನಿಂತಲ್ಲಿ ದಿಕ್ಕು ನೋಡಿ ಒಲೆ ಹಚ್ಚಿದ್ರೆ ಆಯ್ತು." ಆದ್ದರಿಂದ ವಾಹನಪೂಜೆಯೂ ಆಗಬೇಕು, ಗೃಹಪ್ರವೇಶವೂ ಆಗಬೇಕು ಎಂದು ಸೇರಿಸಿದರು. ದಿಕ್ಕು ನೋಡುವ ಜವಾಬ್ದಾರಿ ನನ್ನದು. ಕಾಲೇಜಿನ ಗೆಳೆಯನಿಂದ ದಿಕ್ಸೂಚಿಯೊಂದನ್ನು ಎರವಲು ತಂದು ಕುತ್ತಿಗೆಗೆ ನೇತುಹಾಕಿಕೊಂಡೆ. ಕಾರ್ಖಾನೆಯ ದೊಡ್ಡ ಇಂಜಿನಿಯರುಗಳು ಹೀಗೇ ಇರುತ್ತಾರೆಂದು ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತದ್ದೂ ಉಂಟು.

ಗೃಹಪ್ರವೇಶ ಎಂದರೆ ಮೊದಲು ಹಸು ಒಳಗೆ ಹೋಗಬೇಕಲ್ಲ. ಬಾಗಿಲು ಸಣ್ಣದು. ನಾನು ಟೇಪು ಹಿಡಿದು ತ್ರಿಪ್ಲಿಕೇನಿನ ಬೀದಿಗಳಲ್ಲಿ ಹಸುಗಳ ಹೊಟ್ಟೆ ಅಳೆಯುತ್ತ ಒಂದು ಬೆಳಿಗ್ಗೆ ಕಳೆದೆ. ಕೊನೆಗೆ ಸಿಕ್ಕ ಬಡಕಲು ಹಸು ಮರ್ಯಾದೆಯಿಂದ ಹಲಗೆ ಹತ್ತಿ ಒಳಗೆ ಹೋಯಿತು. ಅಲ್ಲಿಯವರೆಗೆ ಎಲ್ಲ ಶುಭ. ಆದರೆ ಅಲಂಕಾರದ ಬಾಳೆಕಂದನ್ನು ಯಾರೋ ಹಿಂದಿನ ಮೂಲೆಯಲ್ಲಿ ಕಟ್ಟಿದ್ದರು. ಹಸು ಅದರ ಕಡೆಗೆ ನಾಲ್ಕು ಹೆಜ್ಜೆ ಇಟ್ಟಿತು. ವ್ಯಾಗನ್ನಿಗೆ ಇನ್ನೂ ಜೋಡಿಸದೆ ನಿಲ್ಲಿಸಿದ್ದ ಮನೆಯ ಮೂತಿ ಮೆಲ್ಲನೆ ಆಕಾಶಕ್ಕೆ ಎದ್ದಿತು. ಹಿಂಭಾಗ ನೆಲಕ್ಕೆ ಕೂತಿತು. ಹಸುವಿನ ಹಿಂದೆಯೇ ಹತ್ತಿ ಅಡುಗೆಕಟ್ಟೆಯ ಬಳಿ ಹಾಲು ಉಕ್ಕಿಸಲು ಹೊರಟಿದ್ದ ಭಟ್ಟರು ಜಾರುತ್ತ ಬಂದು ಹಸುವಿನ ಪಕ್ಕದಲ್ಲಿ ನಿಂತರು. ಹಸು ಬಾಳೆ ಎಲೆ ತಿನ್ನುತ್ತಲೇ ಇತ್ತು.

ಹಸುವಿನ ಯಜಮಾನ ಒಳಗೆ ನೋಡಿ ತಲೆ ಆಡಿಸಿದ. "ಸಾಮಿ, ಮಾಡು ರಿವರ್ಸ್‌ಲ ಪೋಗಾದು." ಹಸು ಹಿಂದಕ್ಕೆ ನಡೆಯುವುದಿಲ್ಲವಂತೆ, ತಿರುಗಲು ಒಳಗೆ ಜಾಗವಿಲ್ಲ. ಹೋಟೆಲಿನ ಎಂಟು ಜನ ಮಾಣಿಗಳು ಮೂತಿಗೆ ಜೋತುಬಿದ್ದು ಅದನ್ನು ಕೆಳಗಿಳಿಸಿದರು. ನಾಲ್ಕು ಬೆಲ್ಲದಚ್ಚು ತೋರಿಸಿದ ಮೇಲೆ ಹಸು ಹಿಂದಕ್ಕೂ ನಡೆಯಿತು.

ಒಂದು ಹಸು ಇಷ್ಟು ಸ್ಪಷ್ಟವಾಗಿ ಪಾಠ ಹೇಳಿಕೊಟ್ಟ ಮೇಲೂ ನಾನು ಮಾಡಿದ್ದೇನು ಗೊತ್ತೇ? ಪ್ರಯಾಣದ ಸಾಮಾನು ಜೋಡಿಸುವಾಗ ರುಬ್ಬುವ ಕಲ್ಲನ್ನು ಹಿಂದಿನ ಮೂಲೆಯಲ್ಲೇ ಇಡಿಸಿದೆ. ಅಕ್ಕಿಮೂಟೆ, ನೀರಿನ ಹಂಡೆ, ಇದ್ದಲು ಚೀಲ ಎಲ್ಲವೂ ಅದರ ಪಕ್ಕಕ್ಕೆ. "ಮುಂದೆ ಭಾರ ಇಟ್ಟರೆ ವ್ಯಾಗನ್ನಿನ ಬೆನ್ನಿಗೆ ಬೀಳ್ತದೆ, ಹಿಂದೆ ಇಟ್ಟರೆ ಅದಕ್ಕೆ ಹಗುರ," ಎಂದು ಕಾಗದದ ಮೇಲೆ ಬಾಣದ ಗುರುತು ಬಿಡಿಸಿ ತೋರಿಸಿದೆ. ದೊಡ್ಡಪ್ಪ ಹೆಮ್ಮೆಯಿಂದ ನೋಡಿದರು. ಮುನುಸಾಮಿ ಮಾತ್ರ ಒಮ್ಮೆ ಗಂಟಲು ಸರಿಮಾಡಿಕೊಂಡ. ಏನೆಂದು ನಾನು ಕೇಳಬೇಕಿತ್ತು, ಕೇಳಲಿಲ್ಲ. ಊರಿಗೆ ಕಾರ್ಡು ಹೋಯಿತು: 'ಮನೆ ಸಮೇತ ಹೊರಟಿದ್ದೇವೆ. ನಾಲ್ಕನೆಯ ದಿನ ಮುಟ್ಟುತ್ತೇವೆ.' ಹೊರಡುವ ಹಿಂದಿನ ವಾರವೆಲ್ಲ ದೊಡ್ಡಮ್ಮ ರುಬ್ಬುವಾಗ ಹಾಡುತ್ತಿದ್ದಳು.

ಒಳ್ಳೆಯ ಮುಹೂರ್ತದಲ್ಲಿ ಹೊರಟೆವು. ಮುಂದೆ ವ್ಯಾಗನ್ನಿನಲ್ಲಿ ದೊಡ್ಡಪ್ಪ ಮತ್ತು ಮುನುಸಾಮಿ, ಹಿಂದೆ ಮನೆಯೊಳಗೆ ದೊಡ್ಡಮ್ಮ ಮತ್ತು ನಾನು. ಪೂನಮಲ್ಲಿಯವರೆಗೆ ದೇವರ ಉತ್ಸವದಂತೆ ಸಾಗಿದೆವು. ಆಮೇಲೆ ಬೆಂಗಳೂರಿನ ರಸ್ತೆ ನೇರವಾಗಿ, ನುಣ್ಣಗೆ ಬಿದ್ದುಕೊಂಡಿತ್ತು. ಮುನುಸಾಮಿಗೆ ಹುರುಪು ಬಂದು ವೇಗ ಏರಿಸಿದ. ಮೊದಲು ಸೌಟುಗಳು ಅಲ್ಲಾಡಿದವು. ಆಮೇಲೆ ಪಾತ್ರೆಗಳು. ಆಮೇಲೆ ನಾವೇ. ಹಿಂಭಾಗ ಎಡಕ್ಕೂ ಬಲಕ್ಕೂ ಬೀಸತೊಡಗಿತು, ನಾಯಿ ಬಾಲ ಅಲ್ಲಾಡಿಸುವ ಹಾಗೆ. ವ್ಯತ್ಯಾಸವೇನೆಂದರೆ ಬಾಲದ ಒಳಗೆ ನಾವು ಕೂತಿದ್ದೆವು. ಗುಂಡುಕಲ್ಲು ಒರಳಿನಿಂದ ಹಾರಿ ನೆಲದ ಮೇಲೆ ಅತ್ತಿತ್ತ ಉರುಳುತ್ತ ನನ್ನ ಕಾಲನ್ನು ಹುಡುಕುತ್ತಿತ್ತು. ದೊಡ್ಡಮ್ಮ ಕಣ್ಣು ಮುಚ್ಚಿ ಗೊತ್ತಿದ್ದ ದೇವರ ಹೆಸರೆಲ್ಲ ಹೇಳಿದಳು. ಠಣ್ ಎಂದು ಕೊಂಡಿ ಮುರಿಯಿತು. ನಮ್ಮ ಮನೆ ರಸ್ತೆ ಬಿಟ್ಟು ಗದ್ದೆಯ ಬದುವಿಗೆ ಹೋಗಿ, ಮೂತಿ ಮೇಲೆತ್ತಿ ಕೂತುಬಿಟ್ಟಿತು.

ವ್ಯಾಗನ್ನು ನಿಲ್ಲಲಿಲ್ಲ. ಹಗುರವಾದ ಸಂತೋಷದಲ್ಲಿ ಇನ್ನಷ್ಟು ಜೋರಾಗಿ ಓಡಿ ಕಣ್ಮರೆಯಾಯಿತು. "ವಂಡಿ ಇಪ್ಪೊ ಜೋರಾ ಪೋಗುದು ಸಾರ್" ಎಂದನಂತೆ ಮುನುಸಾಮಿ. ಗಾಡಿ ಈಗ ಎಷ್ಟು ಚೆನ್ನಾಗಿ ಹೋಗುತ್ತಿದೆ ಎಂದು ದೊಡ್ಡಪ್ಪನೂ ಮೆಚ್ಚಿಕೊಂಡರಂತೆ.

ದೊಡ್ಡಮ್ಮ ಕಣ್ಣು ಬಿಟ್ಟಳು. ಮಡಿನೀರಿನ ತಂಬಿಗೆ ಇನ್ನೂ ಅವಳ ಮಡಿಲಲ್ಲೇ ಇತ್ತು.

"ನಿಂತಿತಾ?"

"ನಿಂತಿತು ದೊಡ್ಡಮ್ಮ."

"ನಿಂತ್ರೆ ಮನೆ ಅಂತ ಭಟ್ರು ಹೇಳಿದ್ದಾರಲ್ಲ. ಆಗ್ನೇಯ ಯಾವ ಕಡೆ ನೋಡು. ಅನ್ನಕ್ಕೆ ಇಡುವ."

ದಿಕ್ಸೂಚಿ ನೋಡಿ ತೋರಿಸಿದೆ. ವಾಲಿದ ನೆಲದ ಮೇಲೆ, ವಾಲಿದ ಒಲೆಗೆ ವಾಲಿದ ಪಾತ್ರೆ ಏರಿತು. ಅರ್ಧ ಗಂಟೆಯ ಮೇಲೆ, ಬೆನ್ನ ಹಿಂದೆ ಹೆಂಡತಿ ಇಲ್ಲವೆಂದು ಗೊತ್ತಾಗಿ ಬೆವರುತ್ತ ಓಡಿಬಂದ ದೊಡ್ಡಪ್ಪನಿಗೆ ಕಂಡದ್ದು ಗದ್ದೆಯಿಂದ ಏಳುತ್ತಿದ್ದ ಹೊಗೆ. ಒಂದು ಬದಿ ಬೆಂದು ಇನ್ನೊಂದು ಬದಿ ಬೇಯದ ಅನ್ನವನ್ನು ಎಲ್ಲರೂ ಕೂತು ಉಂಡೆವು. ಕೊಂಡಿ ಎರಡು ತುಂಡಾಗಿತ್ತು. ವಾಪಸು ಹೋಗುವುದಲ್ಲದೆ ಬೇರೆ ದಾರಿಯಿಲ್ಲ ಎಂದರು ದೊಡ್ಡಪ್ಪ. ಆಗ ದೊಡ್ಡಮ್ಮ ಎದುರಿಗೇ ಅತ್ತಳು. ಕಲ್ಲಿನ ಸದ್ದೂ ಇರಲಿಲ್ಲ. "ಅಕ್ಕನ ಮುಖ ನೋಡೂದು ನನ್ನ ಹಣೆಯಲ್ಲಿ ಬರ್ದಿಲ್ಲ," ಎಂದಳು. ನಾನು ದಿಕ್ಸೂಚಿಯನ್ನು ಬಿಚ್ಚಿ ಜೇಬಿಗೆ ಹಾಕಿದೆ.

ಒಂದು ಜೊತೆ ಎತ್ತು ನಮ್ಮ ಮನೆಯನ್ನು ಮದರಾಸಿಗೆ ಎಳೆದು ತಂದವು. ಎತ್ತುಗಳ ಹಿಂದೆ ಅದು ಒಮ್ಮೆಯೂ ಬಾಲ ಅಲ್ಲಾಡಿಸಲಿಲ್ಲ. ಅದನ್ನು ಹೋಟೆಲಿನ ಹಿತ್ತಿಲಲ್ಲಿ ನಿಲ್ಲಿಸಿ ಈರುಳ್ಳಿ ತುಂಬಿಸಿದರು. ಅವಮಾನದಿಂದ ದೊಡ್ಡಪ್ಪ ಊರಿಗೆ ಒಂದು ಸಾಲೂ ಬರೆಯಲಿಲ್ಲ. ಹೊರಟಿದ್ದೇವೆ ಎಂಬ ಕಾರ್ಡು ಅಲ್ಲಿಗೆ ಹೋಗಿ ಮುಟ್ಟಿತ್ತು, ಬರುತ್ತಿಲ್ಲ ಎಂಬುದು ಹೋಗಲೇ ಇಲ್ಲ.

ನಾವು ಹೊರಟ ಹನ್ನೆರಡನೆಯ ದಿನ ಬೆಳಿಗ್ಗೆ, ರಜೆ ಮುಗಿಸಿ ಬಂದ ಹೋಟೆಲಿನ ಅಡುಗೆಯವರ ಜೊತೆ ಭವಾನಿಯಕ್ಕ ನಮ್ಮ ಜಗಲಿಯಲ್ಲಿ ಬಂದು ನಿಂತರು. ಕೈಯಲ್ಲಿ ಟ್ರಂಕು, ಮುಖದಲ್ಲಿ ಎಂಟು ದಿನದ ಹೆದರಿಕೆ. ಬಾಗಿಲು ತೆರೆದ ತಂಗಿಯನ್ನು ಮೇಲಿಂದ ಕೆಳಗೆ ನೋಡಿ, ಕೈಕಾಲು ಸರಿ ಇವೆ ಎಂದು ಖಾತ್ರಿಯಾದ ಮೇಲೆ ಧೊಪ್ಪನೆ ಕೂತರು.

"ಬದುಕಿದ್ದೀಯಲ್ಲ, ಸಾಕು. ಒಂದು ಲೋಟ ಕಾಫಿ ಕೊಡು. ಜೋಲಾರಪೇಟೆಯಲ್ಲಿ ಕುಡಿದದ್ದು ಬರೇ ನೀರು. ವಡೆ ಮಾತ್ರ ಅಡ್ಡಿಯಿಲ್ಲ, ನಾಲ್ಕು ತಿಂದೆ."

ದೊಡ್ಡಮ್ಮ ಅಲ್ಲಾಡಲಿಲ್ಲ. "ಅಕ್ಕ, ನೀನು ರೈಲಲ್ಲಿ ತಿಂದ್ಯಾ?"

"ಹಸಿವಾದ್ರೆ ತಿನ್ಬೇಡ್ವಾ? ಈರೋಡಲ್ಲಿ ಇಡ್ಲಿಯೂ ತಿಂದೆ. ನಾನು ಆ ಮಡಿಯನ್ನೆಲ್ಲ ಬಿಟ್ಟು ವರ್ಷ ಎಷ್ಟಾಯ್ತೋ."

"ಹಾಗಾದ್ರೆ ಇಷ್ಟು ವರ್ಷ ಯಾಕೆ ಬರ್ಲಿಲ್ಲ?"

"ನಿನಗೆ ಹೆದರಿ," ಎಂದರು ಭವಾನಿಯಕ್ಕ. "ಕಂಡಲ್ಲಿ ತಿಂದು ಬಂದವಳನ್ನು ಒಳಗೆ ಬಿಡ್ತೀಯೋ ಇಲ್ವೋ ಅಂತ."

ದೊಡ್ಡಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. ನಗುತ್ತಾಳೋ ಅಳುತ್ತಾಳೋ ಎಂದು ನಾನು ಕಾಯುತ್ತಿದ್ದೆ. "ನಾನು ನಿನಗೆ ಹೆದರಿ ಹೀಗಿದ್ದದ್ದು," ಎಂದಷ್ಟೇ ಹೇಳಿ ಕಾಫಿ ತರಲು ಒಳಗೆ ಹೋದಳು.

ಸಂಜೆ ಅಕ್ಕತಂಗಿಯರು ಕೈ ಹಿಡಿದುಕೊಂಡು ಹೋಟೆಲಿಗೆ ಬಂದರು. ದೊಡ್ಡಪ್ಪ ಗಲ್ಲಾಪೆಟ್ಟಿಗೆಯನ್ನು ತೆರೆದೇ ಬಿಟ್ಟು ಅಡುಗೆಮನೆಗೆ ನುಗ್ಗಿ ತಾವೇ ದೋಸೆ ಹೊಯ್ದರು. ದೊಡ್ಡಮ್ಮ ಅಕ್ಕನ ಕಡೆ ನೋಡಿದಳು. ಅಕ್ಕ ಅರ್ಧ ದೋಸೆ ಮುಗಿಸಿದ್ದರು. ದೊಡ್ಡಮ್ಮ ಒಂದು ಅಂಚು ಮುರಿದು ಚಟ್ನಿಗೆ ಅದ್ದಿ ಬಾಯಿಗಿಟ್ಟಳು. ದೊಡ್ಡಪ್ಪ ಸಟ್ಟುಗ ಹಿಡಿದು, ಪರೀಕ್ಷೆಯ ಫಲಿತಾಂಶ ಕಾಯುವವರಂತೆ ಬಾಗಿಲಲ್ಲೇ ನಿಂತಿದ್ದರು.

"ಚಟ್ನಿಗೆ ಉಪ್ಪು ಸಾಲ್ದು," ಎಂದಳು ದೊಡ್ಡಮ್ಮ.

ಮರುದಿನದಿಂದ ನಮ್ಮ ಹೋಟೆಲಿನ ಚಟ್ನಿ ಉಪ್ಪಾಯಿತು. ಗಿರಾಕಿಗಳು ಮೂರು ತಿಂಗಳು ದೂರಿದರು. ದೊಡ್ಡಪ್ಪ ಬದಲಾಯಿಸಲಿಲ್ಲ.

ಅಂದಿನಿಂದ ದೊಡ್ಡಮ್ಮ ಪ್ರತಿ ಬೇಸಿಗೆಗೆ ರೈಲಿನಲ್ಲಿ ಊರಿಗೆ ಹೋಗಿಬಂದಳು, ದಾರಿಯುದ್ದಕ್ಕೂ ತಿನ್ನುತ್ತ. ಹಾಗೆ ಆರು ಬೇಸಿಗೆ. ಏಳನೆಯದಕ್ಕೆ ಭವಾನಿಯಕ್ಕ ಇರಲಿಲ್ಲ.

ಈಗ ಗೇಟಿನ ಗಲಾಟೆ ತಡೆಯಲಾರದೆ ನಾನೂ ಕೆಳಗಿಳಿದು ಹೋಗಿ ನಾಲ್ಕು ಸಲಹೆ ಕೊಟ್ಟು ಬಂದೆ. ಮನೆ ಇನ್ನೂ ಅಲ್ಲೇ ಇದೆ. ಹುಡುಗನ ಬೇಸರ ಹೋಗಲೆಂದು ಹಸುವಿನ ಕತೆ ಹೇಳಿದೆ. ಅವನು ಹೊಟ್ಟೆ ಹಿಡಿದು ನಕ್ಕು, "ಅಪ್ಪರಂ ಎನ್ನ ಆಚ್ಚು ತಾತಾ?" ಎಂದು ಕೇಳಿದ, ಆಮೇಲೇನಾಯಿತೆಂದು. ಏನಿಲ್ಲ, ಅಷ್ಟೇ ಎಂದೆ. ಅರವತ್ತು ವರ್ಷದಿಂದ ಈ ಕತೆಯನ್ನು ನಾನು ಹಸುವಿನ ಹತ್ತಿರವೇ ನಿಲ್ಲಿಸುತ್ತ ಬಂದಿದ್ದೇನೆ, ಎಲ್ಲರೂ ನಗುವ ಜಾಗ ಅದು. ಇವತ್ತು ಮೆಟ್ಟಿಲು ಹತ್ತುತ್ತ ಮುಂದಿನದನ್ನೂ ನೆನೆದೆ. ಇಬ್ಬರು ಅಕ್ಕತಂಗಿಯರು, ಒಬ್ಬರ ಮೇಲೊಬ್ಬರಿಗೆ ಇದ್ದ ಪ್ರೀತಿಯಿಂದಲೇ ಹೆದರಿ, ಹನ್ನೊಂದು ವರ್ಷ ಸುಮ್ಮನೆ ಕೂತಿದ್ದರು. ಸಿಕ್ಕಿದ್ದು ಆರು ಬೇಸಿಗೆ. ಎರಡನೆಯ ಮಹಡಿಯಲ್ಲಿ ಸ್ವಲ್ಪ ಹೊತ್ತು ಮೆಟ್ಟಿಲ ಕಂಬಿ ಹಿಡಿದು ನಿಂತುಕೊಂಡೆ. ಏದುಸಿರು ಬಂದದ್ದಕ್ಕಲ್ಲ.