ನಾನು ಸುಮ್ಮನಿದ್ದ ಸಂಜೆ

ನಾನು ಕೆ.ಆರ್. ಪೇಟೆಯಲ್ಲಿ ಬಾಗಿಲು, ಕಿಟಕಿ ಮಾಡುವ ಬಡಗಿ. ಮಗಳು ಪಾಂಡವಪುರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಅಲ್ಲೇ ಲ್ಯಾಬಿನಲ್ಲಿ ಕೆಲಸಕ್ಕಿದ್ದ ದಲಿತರ ಹುಡುಗನನ್ನು ರಿಜಿಸ್ಟರ್ ಮದುವೆಯಾದಳು. ಫೋನಿನಲ್ಲಿ ತಿಳಿಸಿದಾಗ ನಾನು ಬೈಯಲಿಲ್ಲ, ಹರಸಲೂ ಇಲ್ಲ. ಸ್ವಲ್ಪ ದಿನ ಈ ಕಡೆ ಬರಬೇಡ ಎಂದೆ.

ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ನನ್ನ ತಮ್ಮ ಅಂಗಡಿಗೆ ಬಂದು ಕೂತ. "ಅವರಿಬ್ರನ್ನೂ ಬುಡಾಕಿಲ್ಲ ಕಣಣ್ಣ" ಅಂದ. ಬರೀ ಬಾಯಿಮಾತು ಅಂದುಕೊಂಡೆ. ಮಾರನೇ ದಿನ ಬೆಳಿಗ್ಗೆ ಇಬ್ಬರೂ ಡ್ಯೂಟಿಗೆ ಹೋಗುತ್ತಿದ್ದಾಗ ತೊಣ್ಣೂರು ರಸ್ತೆಯಲ್ಲಿ ಅವನು ಅವರ ಬೈಕಿಗೆ ಕಾರು ಗುದ್ದಿಸಿದ. ಹುಡುಗ ಒಂದು ಕಾಲು ಕಳೆದುಕೊಂಡು ಬದುಕಿದ. ಮಗಳು ಉಳಿಯಲಿಲ್ಲ.

ಅಪಘಾತ ಅಂತ ಹೇಳಿಬಿಡು ಎಂದು ನೆಂಟರೆಲ್ಲ ಒತ್ತಾಯಿಸಿದರು. ಅವ್ವ ನನ್ನ ಕೈ ಹಿಡಿದುಕೊಂಡಳು. "ಸತ್ತೋಳಂತೂ ಬರಾಕಿಲ್ಲ. ಇರೋ ತಮ್ಮನ್ನಾದ್ರೂ ಉಳಿಸ್ಕೊ ಕಣಪ್ಪ."

ಶ್ರೀರಂಗಪಟ್ಟಣದ ಕೋರ್ಟಿನಲ್ಲಿ ನಾನು ಆ ಸಂಜೆಯ ಮಾತನ್ನು ಹೇಳಿದೆ. ಅದನ್ನು ಕೇಳಿ ನೀವೇನು ಮಾಡಿದಿರಿ ಎಂದರು ವಕೀಲರು.

"ಬಾಗ್ಲ ಅಲಗೆ ಉಜ್ತಾ ಇದ್ದೆ ಸ್ವಾಮಿ. ಸುಮ್ಕಿದ್ದೆ."

ತಮ್ಮನಿಗೆ ಶಿಕ್ಷೆಯಾಯಿತು. ಅವ್ವ ಗಂಟು ಕಟ್ಟಿಕೊಂಡು ಅವನ ಹೆಂಡತಿಯ ಮನೆಗೆ ಹೋದಳು. ಇನ್ನೂ ನನ್ನೊಡನೆ ಮಾತಿಲ್ಲ.

ಕೋರ್ಟಿಗೆ ಓಡಾಡುತ್ತಾ ಅಳಿಯನೂ ನಾನೂ ಹತ್ತಿರವಾದೆವು. ಜಾತಿಗಾಗಿ ನಡೆಯುವ ಕೊಲೆಗಳ ಬಗ್ಗೆ ಮಾತಾಡಲು ಅವನನ್ನು ನಾಗಮಂಗಲದ ಕಾಲೇಜೊಂದಕ್ಕೆ ಕರೆದಿದ್ದರು. ಬಸ್ಸು ಹತ್ತಿಸಿ ಇಳಿಸಲು ನಾನೂ ಹೋಗಿದ್ದೆ. ಮಾತು ಮುಗಿಸಿ ಅವನು ಮೈಕನ್ನು ನನ್ನ ಕೈಗೆ ಕೊಟ್ಟ. ಭಾಷಣ ನನಗೆ ಬರುವುದಿಲ್ಲ. ಆ ಸಂಜೆ ಏನು ನಡೆಯಿತೋ ಅದನ್ನೇ ಹೇಳಿದೆ. ಅಂದಿನಿಂದ ಇಬ್ಬರೂ ಕರೆದ ಕಡೆಗೆಲ್ಲ ಹೋಗುತ್ತೇವೆ. ಜಾತಿ ಬಿಟ್ಟು ಮದುವೆಯಾದವರಿಗೆ ಬೆದರಿಕೆ ಬಂದರೆ ಅವರ ಜೊತೆ ಸ್ಟೇಷನ್ನಿಗೂ ಹೋಗುತ್ತೇವೆ.

ಕಳೆದ ವರ್ಷ ಬೂಕನಕೆರೆಯಿಂದ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಅವರ ಮಗಳು ಬೇರೆ ಜಾತಿಯ ಹುಡುಗನ ಜೊತೆ ರಿಜಿಸ್ಟರ್ ಮದುವೆಗೆ ಅರ್ಜಿ ಕೊಟ್ಟಿದ್ದಳು. ಹೆಂಡತಿಯ ಅಣ್ಣತಮ್ಮಂದಿರು ಕೊಲ್ಲುತ್ತೇವೆ ಅನ್ನುತ್ತಿದ್ದರಂತೆ. ಇವತ್ತೇ ದೂರು ಕೊಡಿ ಎಂದೆ.

"ನಮ್ಮೋರ ಮೇಲೆ ಎಂಗಣ್ಣ ಬರ್ಕೊಡೋದು?"

"ಅವತ್ತು ನಾನು ಬರ್ಕೊಡ್ನಿಲ್ಲ ಕಣಪ್ಪ" ಅಂದೆ.

ಅವರು ಎದ್ದು, ಸ್ಟೇಷನ್ನಿಗೆ ನೀವೂ ಬರುತ್ತೀರಾ ಎಂದು ಕೇಳಿದರು. ಹೋದೆವು. ಪೊಲೀಸರು ಅಣ್ಣತಮ್ಮಂದಿರನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಂಡರು. ಮದುವೆಯ ರಿಜಿಸ್ಟರಿನಲ್ಲಿ ಸಾಕ್ಷಿಯಾಗಿ ಆ ತಂದೆಯೇ ರುಜು ಹಾಕಿದರು. ಹೆಂಡತಿಯ ತವರಿನವರು ಈಗ ಅವರ ಮನೆಗೆ ಬರುವುದಿಲ್ಲ. ಮಗಳು, ಅಳಿಯ ಭಾನುವಾರ ಬಂದು ಊಟ ಮಾಡಿ ಹೋಗುತ್ತಾರಂತೆ.